ಇಡೀ ಮೈ ಕಾಣದ ಪ್ರಾಣಿ: ಸಕಲೇಶಪುರದ ಒಂದು ಶಾಯಿಚಿತ್ರ ಮಾಲಿಕೆಯ ಪ್ರಕರಣ

ಹಾಸನದಲ್ಲಿ ಚಿತ್ರಕಲೆ ಓದುತ್ತಿದ್ದ ಹುಡುಗಿಯೊಬ್ಬಳು ಕೊನೆಯ ವರ್ಷದ ಕೆಲಸಕ್ಕೆ ಪ್ರಯೋಗಾತ್ಮಕ ಸಿನಿಮಾದಿಂದ ಹುಟ್ಟಿದ ಮಾನ್‌ಸ್ಟರ್‌ಗಳನ್ನು ವಿಷಯವಾಗಿ ಆರಿಸಿಕೊಂಡಳು. ಮಾಧ್ಯಮ ಕಪ್ಪು ಶಾಯಿ, ನಿಬ್ಬು, ಕಾಗದ. ಅವಳ ಮನೆ ಸಕಲೇಶಪುರ ತಾಲ್ಲೂಕಿನಲ್ಲಿ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಮೊದಲು ಬರೆದ ಚಿತ್ರಗಳನ್ನು ನೋಡಿದವರೆಲ್ಲ ಹೊಗಳಿದರು, ಹೊಗಳಿ ಮುಂದೆ ಹೋದರು. ವರ್ಷದ ಕೊನೆಗೆ ಅವಳು ತಂದಿಟ್ಟದ್ದು ಬೇರೆಯದೇ ವಸ್ತು: ಕಪ್ಪು ಬಟ್ಟೆಯ ಉದ್ದನೆಯ ಮಡಿಕೆ ಪುಸ್ತಕ, ಅದರಲ್ಲಿ ಎಲ್ಲಿಯೂ ಪೂರ್ತಿಯಾಗಿ ಕಾಣದ ಒಂದು ಪ್ರಾಣಿ. ಅದರ ಮುಂದೆ ಜನ ನಿಂತರು, ಒಂದು ಸಲ ನೋಡಿದವರು ಮೇಜಿನ ಆ ತುದಿಗೆ ಹೋಗಿ ಮತ್ತೆ ನೋಡಿಕೊಂಡು ಬಂದರು.

ಈ ಎರಡರ ನಡುವೆ ನಡೆದದ್ದನ್ನು, ಅವಳಿಗೆ ರೇಖಾಚಿತ್ರ ಕಲಿಸಿದವನಾಗಿ, ಹತ್ತಿರದಿಂದ ನೋಡಿದ್ದೇನೆ. ಅವಳ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ. ಇಂಥ ಚಿತ್ರ ಬರೆಯುವ ಹುಡುಗ ಹುಡುಗಿಯರು ಈಗ ನಮ್ಮ ಸುತ್ತ ಬಹಳ ಜನ ಇದ್ದಾರೆ. ಕೈ ಪಳಗಿದೆ, ಗೆರೆ ನಡುಗುವುದಿಲ್ಲ, ಗಂಟೆಗಟ್ಟಲೆ ಕೂತು ಚುಕ್ಕೆ ಇಡುವ ತಾಳ್ಮೆ ಇದೆ. ಅವರಲ್ಲಿ ಹೆಚ್ಚಿನವರು ಬಂದು ನಿಲ್ಲುವ ಜಾಗದಲ್ಲೇ ಇವಳೂ ನಿಂತಿದ್ದಳು. ಅಲ್ಲಿಂದ ಮುಂದಕ್ಕೆ ಒಂದು ದಾರಿ ಇದೆ ಎಂದು ಅವಳ ಕೆಲಸ ತೋರಿಸಿತು. ಅದು ದಾಖಲಾಗಬೇಕು ಅನ್ನಿಸಿತು.

ಪಾಸ್ ಒತ್ತಿ ಬರೆದ ಚಿತ್ರಗಳು

ಮೊದಲ ಕಂತಿನಲ್ಲಿ ಇದ್ದವು ಹೀಗೆ: ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ 1977ರಲ್ಲಿ ಹೊರತಂದ 'ಇರೇಸರ್‌ಹೆಡ್' ಚಿತ್ರದ, ಬಟ್ಟೆ ಸುತ್ತಿಟ್ಟ ಆ ಕೂಸು. ಜಪಾನಿನ ಶಿನ್ಯಾ ತ್ಸುಕಾಮೊಟೊ 1989ರಲ್ಲಿ 16 ಎಂಎಂ ಅಗಲದ ಕಪ್ಪುಬಿಳುಪು ಫಿಲ್ಮಿನಲ್ಲಿ ತೆಗೆದ 'ಟೆಟ್ಸುವೊ'ದಲ್ಲಿ ಮೈಯೆಲ್ಲ ಗುಜರಿ ಕಬ್ಬಿಣವಾಗುತ್ತಾ ಹೋಗುವ ಮನುಷ್ಯ. ಇವುಗಳ ಜೊತೆಗೆ ಅವಳೇ ಕಲ್ಪಿಸಿಕೊಂಡ, ಬಹುಕಣ್ಣಿನ, ಬಹುಹಲ್ಲಿನ ನಾಲ್ಕಾರು ಜೀವಿಗಳು. ಎಲ್ಲವೂ ಹಾಳೆಯ ನಟ್ಟನಡುವೆ, ನೆತ್ತಿಯಿಂದ ಉಗುರಿನವರೆಗೆ ಸ್ಪಷ್ಟ. ಮೈಮೇಲೆ ಒಂದು ಅಂಗುಲ ಜಾಗವೂ ಬಿಡದಂತೆ ಕ್ರಾಸ್ ಹ್ಯಾಚಿಂಗ್, ಎಂದರೆ ನೆರಳು ತೋರಿಸಲು ಒಂದರ ಮೇಲೊಂದು ಅಡ್ಡಡ್ಡ ಎಳೆದ ಸಣ್ಣ ಗೆರೆಗಳು.

ಎಲ್ಲಿಂದ ಬರೆದೆ ಎಂದು ಕೇಳಿದೆ. ಫೋನಿನಲ್ಲಿ ಸಿನಿಮಾ ನೋಡುತ್ತಾ, ಬೇಕಾದ ಕಡೆ ಪಾಸ್ ಒತ್ತಿ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಅದನ್ನು ದೊಡ್ಡದು ಮಾಡಿಕೊಂಡು ಬರೆದದ್ದು ಎಂದಳು. ಚಿತ್ರಗಳ ತೊಂದರೆ ಆ ಉತ್ತರದಲ್ಲೇ ಇತ್ತು. ಲಿಂಚ್‌ನ ಕೂಸು ಭಯ ಹುಟ್ಟಿಸುವುದು ಅದರ ಆಕಾರದಿಂದ ಮಾತ್ರ ಅಲ್ಲ. ಕೋಣೆಯ ಮಬ್ಬು ಬೆಳಕು, ನಿಲ್ಲದೆ ಗುಂಯ್‌ಗುಡುವ ಯಂತ್ರದ ಸದ್ದು, ಅಳು ನಿಂತಾಗ ಇನ್ನೆಷ್ಟು ಹೊತ್ತಿಗೆ ಮತ್ತೆ ಶುರುವಾಗುತ್ತದೋ ಎಂಬ ಕಾಯುವಿಕೆ, ಎಲ್ಲ ಸೇರಿ ಅದು ಆಗುತ್ತದೆ. ಆ ಕೂಸನ್ನು ಯಾವುದರಿಂದ ಮಾಡಿದ್ದು ಎಂದು ಲಿಂಚ್ ಸಾಯುವವರೆಗೂ ಹೇಳಲಿಲ್ಲ. ಕೇಳಿದವರಿಗೆಲ್ಲ ಉತ್ತರ ತಪ್ಪಿಸಿದ. ಹೇಳದೆ ಉಳಿಸುವುದೂ ಅವನ ಕಸುಬಿನ ಭಾಗವಾಗಿತ್ತು. ಪಾಸ್ ಒತ್ತಿದಾಗ ಹೊತ್ತು ಹೋಗುತ್ತದೆ, ಸದ್ದು ಹೋಗುತ್ತದೆ, ಕಾಯುವಿಕೆ ಹೋಗುತ್ತದೆ. ಉಳಿಯುವುದು ಒಂದು ಗೊಂಬೆ. ಗೊಂಬೆಯನ್ನು ಎಷ್ಟು ಚೆನ್ನಾಗಿ ನಕಲು ಮಾಡಿದರೂ ಅದು ಗೊಂಬೆಯ ಚಿತ್ರವೇ.

ಲಿಂಚ್ ಓದಿದ್ದು ಚಿತ್ರಕಲೆ, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಅಕಾಡೆಮಿಯಲ್ಲಿ. 1967ರಲ್ಲಿ ಅವನು ಮಾಡಿದ ಮೊದಲ ಸಿನಿಮಾ, ಅಲುಗಾಡುವ ಒಂದು ವರ್ಣಚಿತ್ರವೇ ಆಗಿತ್ತು. ಚಿತ್ರದಿಂದ ಸಿನಿಮಾಕ್ಕೆ ಅವನು ನಡೆದ ದಾರಿಯಲ್ಲಿ ಈ ಹುಡುಗಿ ಎದುರು ದಿಕ್ಕಿನಿಂದ ನಡೆದು ಬರಬೇಕಿತ್ತು. ಸಿನಿಮಾದಿಂದ ಏನನ್ನು ಹೊತ್ತು ತರುವುದು ಎಂಬುದೇ ಇಡೀ ಪ್ರಶ್ನೆ. ಪ್ರಾಣಿಯನ್ನು ತಂದರೆ ಸಾಲದು ಎಂದು ಗೊತ್ತಾಗಿತ್ತು. ಹಾಗಾದರೆ ಏನು?

ಹೆಜ್ಜೆ

ಶನಿವಾರ ಸಂಜೆ ಒಂದು ಕೋಣೆಯ ಗೋಡೆಗೆ ಪ್ರೊಜೆಕ್ಟರ್ ಹಾಕಿ, ಪಾಸ್ ಒತ್ತುವಂತಿಲ್ಲ ಎಂಬ ಕಟ್ಟುಪಾಡಿನ ಮೇಲೆ ಸಿನಿಮಾ ನೋಡತೊಡಗಿದೆವು. ನೋಡಿ ಮುಗಿದ ಮೇಲೆ ನೆನಪಿನಿಂದ ಬರೆಯಬೇಕು. ನೋಡಿದ್ದು ಬಹಳ. ಅವಳ ಕೆಲಸಕ್ಕೆ ನಿಜವಾಗಿ ಬಂದು ಸೇರಿದವು ಮೂರು.

ಅಮೆರಿಕದ ಪ್ರಯೋಗಾತ್ಮಕ ಸಿನಿಮಾದ ನಿರ್ದೇಶಕಿ ಮಾಯಾ ಡೆರೆನ್ ತನ್ನ ಗಂಡ ಅಲೆಕ್ಸಾಂಡರ್ ಹಮ್ಮಿಡ್ ಜೊತೆ 1943ರಲ್ಲಿ ತಮ್ಮದೇ ಮನೆಯಲ್ಲಿ ತೆಗೆದ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಹದಿನಾಲ್ಕು ನಿಮಿಷದ್ದು. ಕಪ್ಪು ನಿಲುವಂಗಿಯ ಆಕೃತಿಯೊಂದು ರಸ್ತೆಯಲ್ಲಿ ನಿಧಾನವಾಗಿ ನಡೆದುಹೋಗುತ್ತದೆ, ಮುಖವಿರಬೇಕಾದ ಕಡೆ ಕನ್ನಡಿ. ನಾಯಕಿ ಓಡಿದರೂ ಅದನ್ನು ಹಿಡಿಯಲಾರಳು. ತರಗತಿಯವರೆಲ್ಲ ಆ ಕನ್ನಡಿ ಮುಖವನ್ನೇ ಬರೆದರು. ಇವಳು ಬರೆದದ್ದು ಕಾಲು. ಚಿತ್ರದಲ್ಲಿ ಒಂದು ಕಡೆ ನಾಯಕಿ ಕುರ್ಚಿಯಿಂದೆದ್ದು ಕೆಲವೇ ಹೆಜ್ಜೆ ಇಡುತ್ತಾಳೆ. ಒಂದೊಂದು ಹೆಜ್ಜೆ ಒಂದೊಂದು ನೆಲದ ಮೇಲೆ ಬೀಳುತ್ತದೆ: ಮರಳು, ಹುಲ್ಲು, ಕಲ್ಲುಹಾಸು, ಕೋಣೆಯ ಜಮಖಾನೆ. ನಡಿಗೆ ಒಂದೇ, ನೆಲ ಮಾತ್ರ ಪ್ರತಿ ಕಟ್‌ಗೂ, ಎಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಪ್ರತಿ ಕಡೆಯೂ, ಬೇರೆ. ಮೇಜಿಗೂ ಆರಾಮಕುರ್ಚಿಗೂ ನಡುವಿನ ಕೆಲವೇ ಅಡಿ ಜಾಗದಲ್ಲಿ ಒಂದು ಲೋಕವೇ ದಾಟಿಹೋಗುತ್ತದೆ.

"ಸರ್, ಇಲ್ಲಿ ಏನೂ ವಿಕಾರವಾಗಿಲ್ಲ. ಬರೀ ಕಾಲು. ಆದ್ರೂ ಮೈ ಜುಂ ಅಂತು," ಅಂದಳು.

ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ತೀರ್ಮಾನ. ಬೆಚ್ಚಿಸಿದ್ದು ಎರಡು ಶಾಟ್‌ಗಳ ನಡುವಿನ ಕೀಲು, ಒಳಗಿನ ಆಕಾರ ಅಲ್ಲ. ಈ ನೆಲ ಹೇಗೆ ಆ ನೆಲವಾಯಿತು ಎಂಬುದನ್ನು ಸಿನಿಮಾ ತೋರಿಸುವುದಿಲ್ಲ. ತೋರಿಸದ ಆ ತುಣುಕನ್ನು ನೋಡುವವರು ತಮ್ಮ ತಲೆಯೊಳಗೆ ತಾವೇ ತುಂಬಿಕೊಳ್ಳುತ್ತಾರೆ, ತಮ್ಮಲ್ಲಿರುವ ಭಯದಿಂದಲೇ ತುಂಬಿಕೊಳ್ಳುತ್ತಾರೆ. ಅವತ್ತಿನಿಂದ ಅವಳಿಗೆ ಕೊಟ್ಟ ಅಭ್ಯಾಸ ಒಂದೇ: ಕಟ್‌ಗೆ ಮುಂಚೆ ಕಂಡ ಕೊನೆಯದನ್ನು ಬರೆ, ಕಟ್ ಆದ ಮೇಲೆ ಕಂಡ ಮೊದಲನೆಯದನ್ನು ಬರೆ, ನಡುವೆ ಜಾಗ ಬಿಡು. ಆ ಜಾಗ ಎಷ್ಟು ಅಗಲ ಇರಬೇಕು ಎಂಬುದರ ಮೇಲೆಯೇ ವಾರಗಟ್ಟಲೆ ಕೆಲಸ ನಡೆಯಿತು. ತೀರಾ ಕಿರಿದಾದರೆ ಎರಡೂ ಒಂದೇ ಚಿತ್ರವಾಗಿಬಿಡುತ್ತವೆ. ಹೆಚ್ಚಾದರೆ ಸಂಬಂಧ ಹರಿದು ಬೀಳುತ್ತದೆ.

ಎರಡನೆಯದು ಅಮೆರಿಕದ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ಮಾಡಿದ 'ಮಾತ್‌ಲೈಟ್'. ಕ್ಯಾಮರಾ ಇಲ್ಲದ ಸಿನಿಮಾ. ದೀಪಕ್ಕೆ ಬಿದ್ದು ಸತ್ತ ಪತಂಗಗಳ ರೆಕ್ಕೆ, ಹೂವಿನ ಎಸಳು, ಹುಲ್ಲಿನ ಎಳೆಗಳನ್ನು 16 ಎಂಎಂ ಅಗಲದ ಎರಡು ಪಾರದರ್ಶಕ ಟೇಪುಗಳ ನಡುವೆ ಒತ್ತಿ, ಅದನ್ನೇ ಪ್ರಿಂಟ್ ಹಾಕಿಸಿದ್ದು. ಸುಮಾರು ನಾಲ್ಕು ನಿಮಿಷ, ಸದ್ದಿಲ್ಲ. ಇದನ್ನು ನೋಡಿದ ಮುಂಗಾರಿನಲ್ಲೇ ಅವಳ ಮನೆಯ ಜಗಲಿ ದೀಪದ ಕೆಳಗೆ ಈಸಲು ಹುಳ ರಾಶಿ ಬಿದ್ದವು. ಬೆಳಗ್ಗೆ ರೆಕ್ಕೆಗಳನ್ನು ಗುಡಿಸಿ ಡಬ್ಬಿಗೆ ತುಂಬಿಕೊಂಡಳು. ಮೊದಲು ಕಾಗದಕ್ಕೆ ಅಂಟಿಸಿ ನೋಡಿದಳು, ಎರಡು ದಿನದಲ್ಲಿ ಇರುವೆ ಮುತ್ತಿದವು. ಆಮೇಲೆ ಭೂತಗನ್ನಡಿ ಇಟ್ಟುಕೊಂಡು ರೆಕ್ಕೆಯ ನರಗಳನ್ನು ನಿಬ್ಬಿನಿಂದ ಬರೆಯಲು ಕೂತಳು. ಅವಳ ಪ್ರಾಣಿಯ ಚರ್ಮ ಹುಟ್ಟಿದ್ದು ಅಲ್ಲಿಂದ: ದೂರದಿಂದ ಒರಟು ತೊಗಲು, ಹತ್ತಿರ ಹೋದರೆ ಸಾವಿರ ರೆಕ್ಕೆ.

ಮೂರನೆಯದು ನಮ್ಮದೇ 'ಸಂಸ್ಕಾರ', 1970. ಪಟ್ಟಾಭಿರಾಮ ರೆಡ್ಡಿ ಅದನ್ನು ತೆಗೆದದ್ದು ಚಿಕ್ಕಮಗಳೂರು ಜಿಲ್ಲೆಯಲ್ಲೇ, ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಕ್ಯಾಮರಾ ಹಿಡಿದವನು ಆಸ್ಟ್ರೇಲಿಯಾದ ಟಾಮ್ ಕೋವನ್. ಇದು ಹೇಗೆ ಮಾನ್‌ಸ್ಟರ್ ಸಿನಿಮಾ ಎಂದು ತರಗತಿಯಲ್ಲಿ ಕೆಲವರು ಕೇಳಿದರು. ಒಂದು ಹೆಣ ಮನೆಯೊಳಗೆ ಬಿದ್ದಿದೆ. ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಅಗ್ರಹಾರದ ಒಲೆ ಉರಿಯುವುದಿಲ್ಲ. ಇಲಿ ಸಾಯುತ್ತವೆ, ಹದ್ದು ಇಳಿಯುತ್ತವೆ. ಕಥೆಯುದ್ದಕ್ಕೂ ಜನರನ್ನು ಆಳುವುದು ಬಾಗಿಲ ಹಿಂದೆ ಬಿದ್ದಿರುವ ಆ ಮೈ. ಇದಕ್ಕಿಂತ ದೊಡ್ಡ ವಿಕಾರಜೀವಿ ನನಗೆ ಗೊತ್ತಿಲ್ಲ. ಮಲೆನಾಡಿನ ಮನೆಗಳ ಒಳಗತ್ತಲೆ ಕಪ್ಪುಬಿಳುಪಿನಲ್ಲಿ ಹೇಗೆ ಕೂರುತ್ತದೆ, ಬಾಗಿಲಿನ ಚೌಕದ ಬೆಳಕು ಎಷ್ಟು ಬಿಳಿ ಆಗಬಹುದು ಎಂಬುದನ್ನೂ ಅವಳು ಅಲ್ಲಿಂದಲೇ ಕಲಿತಳು. ಅವಳ ಮನೆಯ ನಡುಮನೆಯೂ ಹಾಗೇ ಕತ್ತಲು.

ಬೇಲೂರು, ಹಳೇಬೀಡು

ಹಾಸನದಲ್ಲಿದ್ದು ವಿಚಿತ್ರ ಪ್ರಾಣಿಗಳ ಚಿತ್ರ ಬರೆಯುವವರು ಬೇಲೂರಿಗೆ ಹೋಗದೆ ಇರುವುದು ಹೇಗೆ? ಅವಳು ಚಿಕ್ಕಂದಿನಿಂದ ಹೋಗಿದ್ದಳು. ಶಾಲೆಯ ಪ್ರವಾಸ, ನೆಂಟರು ಬಂದಾಗ, ಹೀಗೆ. ಈ ಸಲ ಬೇರೆ ಕಣ್ಣಿನಿಂದ ನೋಡಬೇಕಿತ್ತು.

1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಪುರಾಣದ ಮೃಗ ಶರಭ, ಶರಭವನ್ನು ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಗೈಡುಗಳು ಇದನ್ನು ಸರಪಳಿಯಂತೆ ಒಂದೊಂದಾಗಿ ಎಣಿಸಿ ಹೇಳುತ್ತಾರೆ, ಮಕ್ಕಳಿಗೆ ಬಹಳ ಇಷ್ಟ. ನಾನು ಅವಳಿಗೆ ತೋರಿಸಿದ್ದು ಕಣ್ಣು ಚಲಿಸುವ ಕ್ರಮ. ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿಯಲು ಆಗುವುದಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ, ಪ್ರತಿ ಹೆಜ್ಜೆಗೂ ಹಿಂದೆ ತಿಂದವನು ಈಗ ತುತ್ತಾಗುತ್ತಾನೆ. ಕೊನೆಯ ಪ್ರಾಣಿಗೆ ಬರುವ ಹೊತ್ತಿಗೆ, ಇದನ್ನು ಹಿಡಿಯುವುದು ಯಾವುದು ಎಂಬ ಪ್ರಶ್ನೆ ತಾನೇ ಏಳುತ್ತದೆ. ಶಿಲ್ಪಿ ಅದಕ್ಕೆ ಉತ್ತರ ಕೆತ್ತಿಲ್ಲ. ಕೆತ್ತಿದ್ದು ನೋಡುತ್ತಿರುವ ಋಷಿಯನ್ನು. ಒಂಬೈನೂರು ವರ್ಷದ ಹಿಂದೆ ಒಬ್ಬ ಕಲ್ಲುಕುಟಿಗ, ಕಾಣದ್ದನ್ನು ನೋಡುವವನ ಮುಖದಿಂದ ತೋರಿಸಬಹುದು ಎಂದು ತಿಳಿದಿದ್ದ.

ಹಳೇಬೀಡಿನಲ್ಲಿ ಹೆಚ್ಚು ಹೊತ್ತು ಕಳೆದೆವು. ಹೊಯ್ಸಳೇಶ್ವರ ಗುಡಿಯ ತಳಪಟ್ಟಿಗಳಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಅದರ ಮೇಲೆ ಮಕರ, ಮೇಲೆ ಹಂಸ. ಮಕರ ಎಂದರೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಅವಳು ಪೆನ್ಸಿಲಿನಲ್ಲಿ ಬರೆದುಕೊಂಡದ್ದು ಕೀಲುಗಳನ್ನು ಮಾತ್ರ. ಸೊಂಡಿಲು ಎಲ್ಲಿ ಮುಗಿದು ಬಾಯಿ ಎಲ್ಲಿ ಶುರುವಾಗುತ್ತದೆ? ಬಾಲ ಎಲ್ಲಿ ಬಳ್ಳಿಯಾಗುತ್ತದೆ? ಎರಡು ಪ್ರಾಣಿ ಸೇರುವ ಜಾಗದಲ್ಲೆಲ್ಲ ಶಿಲ್ಪಿ ಒಂದು ಸುರುಳಿ ಇಟ್ಟಿದ್ದಾನೆ. ಸೇರಿಕೆ ಆ ಸುರುಳಿಯಲ್ಲಿ ಮುಚ್ಚಿಹೋಗುತ್ತದೆ, ಆದ್ದರಿಂದ ಮಕರ ನಮಗೆ ಒಂದೇ ಜೀವಿಯಾಗಿ ಕಾಣುತ್ತದೆ, ಮಂಗಳಕರವಾಗಿಯೂ ಕಾಣುತ್ತದೆ. ಕನಸಿನಂತೆ ಹೊಂದದ ವಸ್ತುಗಳನ್ನು ಒಟ್ಟಿಗೆ ಇಡುತ್ತಿದ್ದ ಯುರೋಪಿನ ಸರ್ರಿಯಲಿಸ್ಟ್ ಕಲಾವಿದರು ಇದಕ್ಕೆ ಉಲ್ಟಾ ಹೋದವರು. ಮ್ಯಾಕ್ಸ್ ಅರ್ನ್ಸ್ಟ್ ಹಳೆಯ ಅಚ್ಚುಚಿತ್ರಗಳನ್ನು ಕತ್ತರಿಸಿ ಕೋಟು ಹಾಕಿದ ಮನುಷ್ಯನ ಕತ್ತಿಗೆ ಹಕ್ಕಿಯ ತಲೆ ಅಂಟಿಸಿದಾಗ, ಸುರುಳಿ ಇಲ್ಲದ ಬರಿಯ ಕೊಯ್ತವೇ ಚಿತ್ರದ ಜೀವ. ಒಂದು ಕಡೆ ಮುಚ್ಚಿದ ಕೀಲು, ಇನ್ನೊಂದು ಕಡೆ ತೆರೆದ ಕೀಲು. ಈ ಎರಡನ್ನೂ ಒಂದೇ ಪ್ರಾಣಿಯ ಮೈಯಲ್ಲಿ ಬಳಸಬಹುದು ಎಂದು ಅವಳಿಗೆ ಹೊಳೆದದ್ದು ಅಲ್ಲೇ, ಜಗತಿಯ ಮೇಲೆ, ಎಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ ಮೇಲೆ, ಕೂತಿದ್ದಾಗ. ಮಡಿಕೆ ಪುಸ್ತಕದಲ್ಲಿ ಒಂದು ಮಡಿಕೆಯೊಳಗೆ ಸುರುಳಿ, ಮಡಿಕೆಯಿಂದ ಮಡಿಕೆಗೆ ಕೊಯ್ತ ಎಂದು ಆಮೇಲೆ ಅದು ನಿಯಮವೇ ಆಯಿತು.

ಮಕರದ ಸಾಲನ್ನು ಯಾರೂ ನಿಂತಲ್ಲಿಂದ ನೋಡಲಾರರು ಎನ್ನುವುದೂ ಮುಖ್ಯ. ನಕ್ಷತ್ರಾಕಾರದ ಗೋಡೆ ಒಳಗೆ ಹೊರಗೆ ಮುರಿದು ಹೋಗುತ್ತದೆ. ಪ್ರದಕ್ಷಿಣೆ ಬರುತ್ತಾ ಹೋದಂತೆ ಮೂಲೆಯಿಂದ ಮೂಲೆಗೆ ಒಂದಿಷ್ಟು ಕಾಣುತ್ತದೆ, ಒಂದಿಷ್ಟು ಮರೆಯಾಗುತ್ತದೆ. ಫಿಲ್ಮನ್ನು ಯಂತ್ರ ಓಡಿಸುತ್ತದೆ, ಇಲ್ಲಿ ನಮ್ಮ ಕಾಲೇ ಓಡಿಸುತ್ತದೆ.

ಆನೆ

ಅವಳ ಊರಿನ ಸುತ್ತ ಕಾಡಾನೆ ಕಾಟವಿದೆ. ಆನೆ ಯಾವ ಕಡೆ ಇದೆ ಎಂದು ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬರುವ ವ್ಯವಸ್ಥೆಯೂ ಇದೆ. ಸಂಜೆ ಸಂದೇಶ ಬಂದರೆ ಅಪ್ಪ ಬಾಗಿಲು ಹಾಕಿ, "ಬಂದೈತಂತೆ ಕಣವ್ವ, ಆಚೆ ಕಾಲಿಡಬೇಡ" ಅನ್ನುತ್ತಾರೆ. ಆಮೇಲೆ ಕೇಳುವುದು ಬಗನಿ ಮರ ಮುರಿಯುವ ಸದ್ದು. ಬೆಳಗ್ಗೆ ಕಾಫಿ ಗಿಡಗಳ ನಡುವೆ ನೀರು ತುಂಬಿದ ಹೆಜ್ಜೆ, ಲದ್ದಿ, ಬಾಗಿದ ತಂತಿಬೇಲಿ. ಇಷ್ಟು ವರ್ಷದಲ್ಲಿ ಆನೆಯನ್ನು ಇಡಿಯಾಗಿ ಎಷ್ಟು ಸಲ ನೋಡಿದ್ದೀಯಾ ಎಂದು ಕೇಳಿದರೆ, ದಸರಾ ಆನೆ ಬಿಟ್ಟರೆ ಸರಿಯಾಗಿ ನೋಡಿದ್ದೇ ಇಲ್ಲ ಎಂದಳು. ಟಾರ್ಚ್ ಬೆಳಕಿನಲ್ಲಿ ಒಂದು ಕಿವಿ. ಮಂಜಿನಲ್ಲಿ ಬೆನ್ನಿನ ಗೆರೆ. ಅಷ್ಟೇ.

ಮನುಷ್ಯರು ಸತ್ತಿರುವ ಊರುಗಳಲ್ಲಿ, ಬೆಳೆ ಕಳೆದುಕೊಂಡವರ ನಡುವೆ, ಆನೆಯನ್ನು ಮಾನ್‌ಸ್ಟರ್ ಎಂದು ಬರೆಯುವುದು ಅವಳಿಗೆ ಸರಿ ಕಾಣಲಿಲ್ಲ. ಅದು ಆನೆಗೂ ಅನ್ಯಾಯ, ಊರಿನ ಕಷ್ಟಕ್ಕೂ ಅನ್ಯಾಯ ಎಂದಳು. ನನಗೂ ಹಾಗೇ ಅನ್ನಿಸಿತು. ಆದ್ದರಿಂದ ಅವಳ ಪ್ರಾಣಿ ಆನೆಯಲ್ಲ. ಆನೆಯಿಂದ ಅವಳು ತೆಗೆದುಕೊಂಡದ್ದು ಕಾಣುವ ಬಗೆಯನ್ನು: ಸದ್ದು ಮೊದಲು, ತುಂಡು ಆಮೇಲೆ, ಗುರುತು ಬೆಳಗ್ಗೆ. ಮಂಜು ಕವಿದ ಮಲೆನಾಡಿನಲ್ಲಿ ಬೆಳೆದವರಿಗೆ ಕಟ್ ಎಂಬುದನ್ನು ಯುರೋಪಿನಿಂದ ಕಲಿಯುವ ಅಗತ್ಯ ಅಷ್ಟಾಗಿ ಇಲ್ಲ. ಕಣ್ಣೆದುರಿನ ಮರ ಇತ್ತು, ಈಗಿಲ್ಲ. ಇದು ಅವರಿಗೆ ದಿನನಿತ್ಯದ ಅನುಭವ. ಸಿನಿಮಾಗಳು ಮಾಡಿದ್ದು ಆ ಅನುಭವವೂ ಕಲೆಯ ಸಾಮಗ್ರಿ ಎಂದು ಅವಳಿಗೆ ಧೈರ್ಯ ಕೊಟ್ಟದ್ದು.

ಮಳೆ, ಕಾಗದ, ಶಾಯಿ

ಇಲ್ಲಿಯವರೆಗೆ ಹೇಳಿದ್ದು ಯೋಚನೆ. ಕೆಲಸ ಕೆಟ್ಟದ್ದೂ ಆಮೇಲೆ ಗೆದ್ದದ್ದೂ ಸಾಮಗ್ರಿಯಲ್ಲಿ.

ಇಂಡಿಯನ್ ಇಂಕ್ ಎಂದರೆ ದೀಪದ ಕಾಡಿಗೆಯಂಥ ನುಣ್ಣನೆ ಇಂಗಾಲದ ಪುಡಿ ನೀರಿನಲ್ಲಿ ತೇಲುವಂತೆ ಮಾಡಿ, ಅರಗಿನ ಅಂಟು ಸೇರಿಸಿದ್ದು. ಒಣಗಿದ ಮೇಲೆ ನೀರು ಬಿದ್ದರೂ ಕರಗುವುದಿಲ್ಲ. ಅರಗು ಇರುವುದರಿಂದಲೇ ಇದನ್ನು ಫೌಂಟನ್ ಪೆನ್ನಿಗೆ ಹಾಕಬಾರದು, ಕಟ್ಟಿಕೊಳ್ಳುತ್ತದೆ. ಆದರೆ ಸಕಲೇಶಪುರದ ಜುಲೈನಲ್ಲಿ ಅದು ಒಣಗಿದರೆ ತಾನೆ? ಕಾಗದಕ್ಕೆ ಕಾರ್ಖಾನೆಯಲ್ಲಿ ಹಾಕಿರುವ ಗಂಜಿ, ಜೆಲಟಿನ್‌ಗಳ ಪದರ ತೇವ ಕುಡಿದು ಮೆತ್ತಗಾಗುತ್ತದೆ. ನಿಬ್ಬು ನಾರನ್ನು ಎತ್ತುತ್ತದೆ, ಶಾಯಿ ಗೆರೆಯ ಎರಡೂ ಬದಿಗೆ ಬೇರು ಬಿಟ್ಟಂತೆ ಹರಡುತ್ತದೆ. ಮೊದಲ ಪದರದ ಹ್ಯಾಚಿಂಗ್ ಒಣಗುವ ಮುಂಚೆ ಎರಡನೆಯದನ್ನು ಎಳೆದರೆ ಅಲ್ಲಿ ಮಸಿಯ ಮಡು. ಹಾಳೆಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಳು. ತೇವ ಹೋಯಿತು, ಹೊಗೆಗೆ ಹಳದಿ ಆದವು. ಟ್ರಂಕಿನಲ್ಲಿಟ್ಟ ಮುಗಿದ ಚಿತ್ರಗಳ ಮೇಲೆ ಬೂಷ್ಟು ಬಂತು.

ಇದರಿಂದ ಒಂದು ಒಳ್ಳೆಯದಾಯಿತು. ಎರಡನೆಯ ಪದರ ಎಳೆಯಲು ಅರ್ಧ ದಿನ ಕಾಯಬೇಕಾದಾಗ, ಎಲ್ಲಿ ಎರಡನೆಯ ಪದರ ನಿಜವಾಗಿ ಬೇಕು ಎಂದು ಯೋಚಿಸುವುದು ಅನಿವಾರ್ಯವಾಯಿತು. ಮೈತುಂಬ ಇದ್ದ ಹ್ಯಾಚಿಂಗ್ ಉದುರಿತು. ಕಪ್ಪುಬಿಳುಪು ಫಿಲ್ಮಿನಲ್ಲಿ ಬೂದು ಬಣ್ಣ ಬರುವುದು ಬೆಳ್ಳಿಯ ಕಣಗಳ ದಟ್ಟಣೆಯಿಂದ. ಶಾಯಿಗೆ ಆ ಬೂದು ಇಲ್ಲ, ಗೆರೆ ಚುಕ್ಕೆಗಳಿಂದ ಕಣ್ಣಿಗೆ ಮೋಸ ಮಾಡಿ ತರಬೇಕು. ಎಲ್ಲಿ ಬೂದು ಬೇಡವೋ ಅಲ್ಲಿ ಬರಿಯ ಕಪ್ಪು, ಬರಿಯ ಬಿಳಿ ಸಾಕು ಎಂದು ಒಪ್ಪಿಕೊಂಡ ಮೇಲೆ ಅವಳ ಚಿತ್ರಗಳು ಉಸಿರಾಡತೊಡಗಿದವು.

ಆದರೆ ಬರಿಯ ಕಪ್ಪೇ ದೊಡ್ಡ ಸಮಸ್ಯೆ. ಅವಳಿಗೆ ಬೇಕಿದ್ದದ್ದು ರಾತ್ರಿ. ಹಾಳೆಯ ಮುಕ್ಕಾಲು ಪಾಲು ಕಪ್ಪು ಬಳಿದರೆ ಕಾಗದ ಹಪ್ಪಳದಂತೆ ಸುತ್ತಿಕೊಳ್ಳುತ್ತಿತ್ತು, ಬ್ರಷ್ಷಿನ ಗುರುತು ಉಳಿಯುತ್ತಿತ್ತು. ಬಿಳಿಯಿಂದ ಶುರು ಮಾಡಿ ಕತ್ತಲೆಗೆ ಹೋಗುವ ಬದಲು ಕತ್ತಲೆಯಿಂದಲೇ ಶುರು ಮಾಡಿದರೆ ಹೇಗೆ ಎಂಬ ಮಾತು ಬಂದಾಗ ನೆನಪಾದದ್ದು ಕಡತ.

ಕಡತವನ್ನು ಈಗಿನವರು ಕಚೇರಿಯ ಫೈಲು ಎಂದುಕೊಳ್ಳುತ್ತಾರೆ. ಹಿಂದೆ ನಮ್ಮಲ್ಲಿ ಲೆಕ್ಕಪತ್ರ, ದಾಖಲೆ, ಕಾವ್ಯವನ್ನೂ ಬರೆಯುತ್ತಿದ್ದ ಬಟ್ಟೆಯ ಪುಸ್ತಕ ಅದು. ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿ, ಬಳಪದಿಂದ ಬರೆಯುವುದು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಕಡತಗಳಿವೆ. ಆ ಬಳಪವೂ ಹೊಯ್ಸಳರ ಗುಡಿಗಳ ಕಲ್ಲೂ ಒಂದೇ ಜಾತಿಯ ಮೆದುಕಲ್ಲು. ಮಕರದ ಸುರುಳಿಗಳು ಅಷ್ಟು ನವಿರಾಗಿ ಬಂದದ್ದು ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುವುದರಿಂದಲೇ. ಫಿಲ್ಮ್ ಸುರುಳಿಯಂತೆ ಉದ್ದ, ಚೌಕ ಚೌಕವಾಗಿ ಮಡಿಕೆ, ಮೊದಲೇ ಕಪ್ಪು. ಈ ಹುಡುಗಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ಮಾಡಿದ್ದು ಬೇಸಿಗೆಯಲ್ಲಿ, ಕಾಫಿ ಒಣಗಿಸಿ ಮುಗಿದು ಕಣ ಖಾಲಿಯಾದ ಮೇಲೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಗಂಜಿಯಂತೆ ಬೇಯಿಸಿದ್ದು ಅವಳ ತಾಯಿ. ತೆಳುವಾಗಿ ಒಂದು ಕೈ ಬಳಿದು, ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ. ದಪ್ಪ ಬಳಿದ ಕಡೆಯೆಲ್ಲ ಮಡಿಸಿದಾಗ ಒಡೆಯಿತು.

ಬಳಪದ ಗೆರೆ ಮೆತ್ತಗೆ, ಹುಡಿಹುಡಿಯಾಗಿ, ಹಳೆಯ ಫಿಲ್ಮಿನ ಕಣಗಳನ್ನೇ ನೆನಪಿಸುವಂತೆ ಬರುತ್ತದೆ. ಅಳಿಸಿದರೂ ಮಬ್ಬಾದ ನೆರಳು ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ 1989ರಿಂದ ಇದ್ದಿಲಿನ ಚಿತ್ರವನ್ನು ಅಳಿಸಿ, ತಿದ್ದಿ, ಪ್ರತಿ ಬದಲಾವಣೆಯನ್ನೂ ಕ್ಯಾಮರಾದಲ್ಲಿ ಹಿಡಿದು ಸಿನಿಮಾ ಮಾಡಿದವನು. ಅವನಲ್ಲಿಯೂ ಅಳಿಸಿದ ಗುರುತೇ ಕಾಲದ ಗುರುತು. ಅವಳು ಪ್ರಾಣಿಯನ್ನು ಬಳಪದಲ್ಲಿ ದೊಡ್ಡದಾಗಿ, ಒರಟಾಗಿ ಬರೆದು, ಅರ್ಧ ಅಳಿಸಿ, ಆಮೇಲೆ ಕಪ್ಪು ಶಾಯಿಯನ್ನು ನಿಬ್ಬು ಬ್ರಷ್ಷುಗಳಲ್ಲಿ ತೆಗೆದುಕೊಂಡು ಬಿಳಿಯ ಗೆರೆಯನ್ನು ಎರಡೂ ಬದಿಯಿಂದ ಕೊರೆದು ಸಣ್ಣಗೆ ಮಾಡಿದಳು. ಶಾಯಿಯ ಕೆಲಸ ಇಲ್ಲಿ ತಲೆಕೆಳಗಾಯಿತು. ಕಾಗದದ ಮೇಲೆ ಶಾಯಿ ಪ್ರಾಣಿಯನ್ನು ಕಟ್ಟುತ್ತಿತ್ತು, ಕಡತದ ಮೇಲೆ ಪ್ರಾಣಿಯನ್ನು ತಿಂದುಹಾಕುತ್ತಿತ್ತು.

ಒಂದು ತೊಡಕು ಉಳಿದಿತ್ತು. ಶಾಯಿಯ ನೀರಿಗೆ ಹುಣಸೆ ಸರಿ ಕರಗಿ ಏಳುತ್ತಿತ್ತು, ಬಳಪದ ಹುಡಿಯ ಮೇಲೆ ಶಾಯಿ ನಿಲ್ಲದೆ ಜಾರುತ್ತಿತ್ತು. ಪರಿಹಾರ ಸಿಕ್ಕಿದ್ದು ಊರಿನ ಬಡಗಿಯ ಹತ್ತಿರ. ಮರಕ್ಕೆ ಹಾಕುವ ಅರಗಿನ ಪಾಲಿಶ್, ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಅದನ್ನು ಇನ್ನಷ್ಟು ಸ್ಪಿರಿಟ್ ಹಾಕಿ ಬಹಳ ತೆಳುವು ಮಾಡಿ, ಬಳಪದ ಕೆಲಸ ಮುಗಿದ ಮೇಲೆ ಸಿಂಪಡಿಸಿದಳು. ಸ್ಪಿರಿಟ್ ಬೇಗ ಆರುವುದರಿಂದ ಹುಣಸೆ ಸರಿ ಕರಗಲಿಲ್ಲ, ಅರಗಿನ ಪೊರೆಯ ಮೇಲೆ ಶಾಯಿ ಕಚ್ಚಿಕೊಂಡಿತು. ಸಿಂಪಡಿಕೆ ಹೆಚ್ಚಾದ ಎರಡು ಕಡೆ ಕಪ್ಪು ಮಿಂಚುತ್ತದೆ. ಬೆಳಕಿನ ಕೆಳಗೆ ಅದು ಎದ್ದು ಕಾಣುತ್ತದೆ, ಇನ್ನೊಂದು ಕಡತದಲ್ಲಿ ಸರಿ ಮಾಡಬೇಕು.

ಮೇಜಿನ ಮೇಲೆ

ಕಡತದ ಮೊದಲ ಮಡಿಕೆ ಖಾಲಿ ಕಪ್ಪು. ಎರಡನೆಯದರಲ್ಲಿ ಮುರಿದ ಬಗನಿ ಗರಿ. ಆಮೇಲಿನ ನಾಲ್ಕು ಮಡಿಕೆಗಳಲ್ಲಿ ಒಂದು ಕಾಲು: ಕಾಫಿ ಕಣದ ಮೇಲೆ, ಹೇಮಾವತಿಯ ಮರಳಿನ ಮೇಲೆ, ಘಾಟಿ ರಸ್ತೆಯ ಡಾಂಬರಿನ ಮೇಲೆ, ಗುಡಿಯ ಜಗತಿಯ ಮೇಲೆ. ಕಾಲಿನ ಬೆರಳು ಪ್ರತಿ ನೆಲಕ್ಕೂ ಬೇರೆ ಜಾತಿಯದು, ಹೆಜ್ಜೆ ಮಾತ್ರ ಒಂದೇ. ಮುಂದೆ ಹೋದಂತೆ ಒಂದು ಪಕ್ಕೆ, ರೆಕ್ಕೆಗಳಿಂದಾದ ಚರ್ಮ, ಸುರುಳಿಯಲ್ಲಿ ಮುಗಿಯುವ ಯಾವುದೋ ಅಂಗ. ತಲೆ ಎಲ್ಲಿಯೂ ಇಲ್ಲ. ಮಡಿಕೆಯ ಗೆರೆಯ ಮೇಲೆ ಎಲ್ಲಿಯೂ ಚಿತ್ರ ಬರೆದಿಲ್ಲ. ಮಡಿಸಿದಾಗ ಅಲ್ಲಿ ಪದರ ಉದುರುತ್ತದೆ ಎಂಬುದು ಒಂದು ಕಾರಣ, ಕಟ್ ಇರಬೇಕಾದ ಜಾಗ ಅದೇ ಎಂಬುದು ಇನ್ನೊಂದು.

ಕೊನೆಗೆ ಹತ್ತಿರ ಒಂದು ಮಡಿಕೆಯಲ್ಲಿ ಬಾಗಿಲಲ್ಲಿ ನಿಂತ ಹೆಂಗಸು, ಮುಖದ ಜಾಗದಲ್ಲಿ ಕನ್ನಡಿ. ಡೆರೆನ್‌ಗೆ ಸಲ್ಲಿಸಿದ ಗೌರವ ಎಂದು ಅವಳು ಹೇಳುತ್ತಾಳೆ. ನನಗೆ ಅದು ಇನ್ನೂ ಹೊರಗಿನಿಂದ ಬಂದು ಕೂತಂತೆ ಕಾಣುತ್ತದೆ. ಉಳಿದ ಮಡಿಕೆಗಳಲ್ಲಿ ಸಿನಿಮಾ ಕರಗಿ ರಕ್ತವಾಗಿದೆ, ಇಲ್ಲಿ ಮಾತ್ರ ಸಿನಿಮಾದ ತುಂಡು ತುಂಡಾಗಿಯೇ ಉಳಿದಿದೆ. ತೆಗೆದುಬಿಡು ಎಂದೆ, ಅವಳು ಒಪ್ಪಲಿಲ್ಲ. ಕೆಲಸ ಅವಳದು.

ಹಾಸನದ ಒಂದು ಕೋಣೆಯಲ್ಲಿ ಕಡತವನ್ನು ಉದ್ದ ಮೇಜಿನ ಮೇಲೆ ಬಿಡಿಸಿಟ್ಟೆವು. ಪಕ್ಕದ ಗೋಡೆಯ ಮೇಲೆ ಮೊದಲ ಕಂತಿನ ಕಾಗದದ ಚಿತ್ರಗಳೂ ಇದ್ದವು, ಅವನ್ನೂ ತೋರಿಸಬೇಕೆಂದು ಅವಳೇ ಕೇಳಿಕೊಂಡಿದ್ದಳು. ಗೋಡೆಯ ಮುಂದೆ ಫೋನು ಹೊರಬಂದವು, ಫೋಟೊ ತೆಗೆದುಕೊಂಡು ಜನ ಸರಿದರು. ಮೇಜಿನ ಬಳಿ ಫೋಟೊ ತೆಗೆಯಲು ಹೋದವರಿಗೆ ಎಲ್ಲವೂ ಒಂದು ಚೌಕಟ್ಟಿಗೆ ಹಿಡಿಯಲಿಲ್ಲ. ಸ್ಕ್ರೀನ್‌ಶಾಟ್‌ನಿಂದ ಹುಟ್ಟಿದ್ದು ಸ್ಕ್ರೀನ್‌ಶಾಟ್ ಆಗಿ ಹೋಯಿತು, ಇದು ಆಗಲಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು ತುದಿಯಿಂದ ತುದಿಗೆ ನಡೆದು, "ಇದರ ತಲೆ ಯಾವ ಕಡೆ ಹೋಯ್ತಮ್ಮ?" ಎಂದು ಕೇಳಿದರು. ಅವರ ಜೊತೆ ಬಂದಿದ್ದ ಮೊಮ್ಮಗ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದ. ಪರೀಕ್ಷಕರಲ್ಲಿ ಒಬ್ಬರಿಗೆ ಇದನ್ನು ಶಾಯಿಚಿತ್ರ ಎನ್ನಬಹುದೇ ಎಂಬ ತಕರಾರಿತ್ತು, ಬಳಪ ಸೇರಿದೆಯಲ್ಲ ಎಂದರು. ನ್ಯಾಯವಾದ ಪ್ರಶ್ನೆ. ಪ್ರಾಣಿಗೆ ಕೊನೆಯ ಆಕಾರ ಕೊಟ್ಟದ್ದು ಶಾಯಿ, ಆದ್ದರಿಂದ ಇದು ಶಾಯಿಚಿತ್ರವೇ ಎಂದು ನನ್ನ ವಾದ.

ಪ್ರದರ್ಶನ ಮುಗಿದ ಮೇಲೆ ಚಿಕ್ಕಮಗಳೂರಿನ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಕೊಳ್ಳಲು ಬಂದರು. ಅವರಿಗೆ ಬೇಕಿದ್ದದ್ದು ಕಾಲಿನ ನಾಲ್ಕು ಮಡಿಕೆ ಮಾತ್ರ, ಕತ್ತರಿಸಿ ಫ್ರೇಮ್ ಹಾಕಿಸಿ ಊಟದ ಕೋಣೆಯಲ್ಲಿ ತೂಗುಹಾಕಲು. ಒಳ್ಳೆಯ ಬೆಲೆ ಹೇಳಿದರು. ಆ ದುಡ್ಡು ಅವಳ ಮನೆಗೆ ಬೇಕಾಗಿಯೂ ಇತ್ತು. ಅವಳು ಎರಡು ದಿನ ಯೋಚಿಸಿ, ಕತ್ತರಿಸಲು ಆಗುವುದಿಲ್ಲ, ಬೇಕಾದರೆ ಅದೇ ಹೆಜ್ಜೆಯನ್ನು ಕಾಗದದ ಮೇಲೆ ಹೊಸದಾಗಿ ಬರೆದುಕೊಡುತ್ತೇನೆ ಎಂದಳು. ಅವರು ಒಪ್ಪಿ ಮುಂಗಡ ಕೊಟ್ಟರು. ಈಗ ಅವಳು ನಾಲ್ಕು ಬೇರೆ ಬೇರೆ ಹಾಳೆಗಳಲ್ಲಿ ಬರೆಯುತ್ತಿದ್ದಾಳೆ. ಹಾಳೆಗಳ ನಡುವೆ ಗೋಡೆಯ ಮೇಲೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಅಳತೆ ಹಾಕಿ, ಮೊಳೆ ಹೊಡೆಯುವ ಜಾಗದ ನಕ್ಷೆ ಸಮೇತ ಕೊಡುತ್ತಾಳಂತೆ.